ಇಪ್ಪತ್ತನೇ ಟವರ್

ಕಂಬ ಇತ್ತು. ಕಂಬದ ಮೇಲೆ ಇರಬೇಕಾದದ್ದು ಇರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸರ್ಕಾರದ ಇಬ್ಬರು ತಪಾಸಣೆಯವರು ಗೇಟಿನ ಮುಂದೆ ಕಾರಿನಿಂದ ಇಳಿದು ಕತ್ತೆತ್ತಿದರು. ಮೂರು ಆಂಟೆನಾ, ಮೂರು ರೇಡಿಯೋ ಪೆಟ್ಟಿಗೆ – ಅವರ ಕೈಯಲ್ಲಿದ್ದ ಪಟ್ಟಿ ಹಾಗೆ ಹೇಳುತ್ತಿತ್ತು. ಕಂಬದ ತುದಿಯಲ್ಲಿ ಒಂದು ಕಾಗೆ ಕೂತಿತ್ತು, ಅಷ್ಟೆ. ಗೇಟಿನ ಬೀಗ ಮುರಿದಿರಲಿಲ್ಲ. ಬೇಲಿ ಎಲ್ಲೂ ಹರಿದಿರಲಿಲ್ಲ.

ಸುದ್ದಿ ಟವರ್ ಕಂಪನಿಯ ಆಫೀಸಿಗೆ ಮುಟ್ಟಲು ಹತ್ತು ನಿಮಿಷ ಹಿಡಿಯಿತು. ಕಳ್ಳ ಯಾರೆಂದು ಆಫೀಸು ತೀರ್ಮಾನಿಸಲು ಐದೇ ನಿಮಿಷ. ಬೀಗದ ಕೈ ಏಣಿ ಮೇಸ್ತ್ರಿಯ ಜೇಬಿನಲ್ಲಿತ್ತಲ್ಲ!

ಏಣಿ ಮೇಸ್ತ್ರಿಯ ಮಗಳು ಅದೇ ಆಫೀಸಿನ ದೂರು ವಿಭಾಗದಲ್ಲಿ ಫೋನು ಎತ್ತುವವಳು. ಆ ಹೊತ್ತಿಗೆ ಅವಳು, ಚಾನೆಲ್ ಬರುತ್ತಿಲ್ಲವೆಂದು ಕೂಗಾಡುತ್ತಿದ್ದ ಒಬ್ಬ ಅಜ್ಜನನ್ನು ಸಮಾಧಾನ ಮಾಡುತ್ತಿದ್ದಳು. ಪಕ್ಕದ ಕುರ್ಚಿಯವಳು ಬಂದು ಕಿವಿಯಲ್ಲಿ ವಿಷಯ ಹೇಳಿದಳು. ಮಗಳು ಅಜ್ಜನಿಗೆ "ಸಂಜೆಯೊಳಗೆ ಸರಿಹೋಗತ್ತೆ" ಎಂದು ಹೇಳಿ ಫೋನಿಟ್ಟಳು. 

ಕಂಪನಿಯ ಕಥೆ ಇಷ್ಟು. ಇಪ್ಪತ್ತೈದು ವರ್ಷದ ಹಿಂದೆ ಇಬ್ಬರು ಗೆಳೆಯರು ಒಂದು ಏಣಿ ಹೊತ್ತುಕೊಂಡು ಮನೆ ಮನೆಯ ಚಾವಣಿಗೆ ಡಿಶ್ ಕೂರಿಸಲು ಶುರುಮಾಡಿದರು. ಒಬ್ಬನಿಗೆ ಮಾತು ಬರುತ್ತಿತ್ತು, ಅವನು ಯಜಮಾನನಾದ. ಇನ್ನೊಬ್ಬನಿಗೆ ಕೆಲಸ ಬರುತ್ತಿತ್ತು, ಅವನು ಏಣಿ ಮೇಸ್ತ್ರಿಯಾಗಿಯೇ ಉಳಿದ. ಮೇಸ್ತ್ರಿಯ ಮಗಳು ಚಿಕ್ಕವಳಿದ್ದಾಗ ಯಜಮಾನರನ್ನು "ಚಿಕ್ಕಪ್ಪ" ಎನ್ನುತ್ತಿದ್ದಳು. ಆಫೀಸು ಏರುತ್ತಾ ಏರುತ್ತಾ ನಾಲ್ಕನೇ ಮಹಡಿ ಮುಟ್ಟಿದ ಮೇಲೆ "ಸರ್" ಎನ್ನತೊಡಗಿದಳು.

ಆಮೇಲೆ ಜನ ಟೀವಿ ಬಿಟ್ಟು ಕೈಯಲ್ಲಿನ ಫೋನಿನಲ್ಲೇ ಎಲ್ಲವನ್ನೂ ನೋಡತೊಡಗಿದರು. ಡಿಶ್‌ಗಳು ಚಾವಣಿಯ ಮೇಲೆ ತುಕ್ಕು ಹಿಡಿದವು. ಯಜಮಾನರು ಕಂಪನಿಯ ಕಟ್ಟಡವನ್ನೇ ಅಡವಿಟ್ಟು ಸರ್ಕಾರದಿಂದ ತರಂಗಾಂತರ ಕೊಂಡರು – ಇನ್ನು ಮೇಲೆ ನಾವೂ ಮೊಬೈಲ್ ಕಂಪನಿ ಎಂದರು. ಸರ್ಕಾರದ ಷರತ್ತು ಒಂದೇ: ಈ ತಿಂಗಳ ಕೊನೆಗೆ ಇಪ್ಪತ್ತು ಟವರ್ ನಿಂತಿರಬೇಕು. ಇಲ್ಲವಾದರೆ ತರಂಗಾಂತರ ವಾಪಸ್, ಕೊಟ್ಟ ದುಡ್ಡು ಗೋವಿಂದ. ಕಳ್ಳತನವೋ ಬೆಂಕಿಯೋ ಆಗಿದ್ದರೆ ಮಾತ್ರ, ವಿಮೆಯವರು ಹೌದೆಂದು ಬರೆದುಕೊಟ್ಟರೆ, ಆರು ತಿಂಗಳ ಹೆಚ್ಚಿನ ಗಡುವು.

ಹತ್ತೊಂಬತ್ತು ನಿಂತಿದ್ದವು.

ಮರುದಿನ ಬೆಳಿಗ್ಗೆ ವಿಮೆ ಕಂಪನಿಯಿಂದ ತನಿಖೆಗೆ ಒಬ್ಬರು ಬಂದರು. ಸಣಕಲು ಮನುಷ್ಯ. ಕೂತಲ್ಲಿ ಕೂರುವ ಜಾತಿಯಲ್ಲ. ಕೈಯಲ್ಲಿ ಸದಾ ಒಂದು ಅಳತೆ ಟೇಪು – ಎಳೆಯುವುದು, ಬಿಡುವುದು, ಟಕ್. ಎಳೆಯುವುದು, ಬಿಡುವುದು, ಟಕ್. ಅರ್ಧ ಗಂಟೆಯಲ್ಲಿ ಇಡೀ ಆಫೀಸಿಗೆ ತಲೆ ಚಿಟ್ಟು ಹಿಡಿಯಿತು.

ಯಜಮಾನರು ತಮ್ಮ ಕೋಣೆಯಲ್ಲಿ ಅವರನ್ನು ಕೂರಿಸಿಕೊಂಡರು. ಕಾರಿನ ಕೀ ಕೊಡಲು ಮೇಸ್ತ್ರಿಯ ಮಗಳನ್ನೂ ಒಳಗೆ ಕರೆದಿದ್ದರು. ಡ್ರೈವರುಗಳನ್ನೆಲ್ಲ ಮನೆಗೆ ಕಳಿಸಿ ಎರಡು ತಿಂಗಳಾಗಿತ್ತು. ಕಂಪನಿಯಲ್ಲಿ ಉಳಿದಿದ್ದ ಒಂದೇ ಕಾರನ್ನು ಓಡಿಸಲು ಬರುತ್ತಿದ್ದವಳು ಅವಳೊಬ್ಬಳೇ.

"ಟವರ್ ಮೇಲೆ ಸಾಮಾನು ಕೂರಿಸಿದ್ದಕ್ಕೆ ಸಾಕ್ಷಿ?" ವಿಮೆಯವರು ಕೇಳಿದರು.

"ಫೋಟೋ ಇದೆ. ಇಪ್ಪತ್ತಕ್ಕೂ ಇದೆ," ಎಂದರು ಯಜಮಾನರು. "ನಮ್ಮಲ್ಲಿ ಒಂದು ಪದ್ಧತಿ ಇದೆ ಸ್ವಾಮಿ. ಡಿಶ್ ಕಾಲದಿಂದ ಬಂದಿದ್ದು. ಎಲ್ಲಿ ಏನೇ ಕೂರಿಸಲಿ, ಅದರ ಫೋಟೋ ನನ್ನ ಮೇಜಿಗೆ ಬರಬೇಕು. ನಾನೇ ನೋಡಿ, ಹಿಂದೆ ಸಹಿ ಹಾಕಬೇಕು. ನಾಲ್ಕು ಸಾವಿರ ಚಾವಣಿ ಹತ್ತಿದವನು ನಾನು. ಡಿಶ್ ಎರಡು ಬೆರಳು ಆಚೀಚೆ ಇದ್ರೂ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕಿ ವಾಪಸ್ ಕಳಿಸ್ತಿದ್ದೆ. ಕೇಳಿ ಬೇಕಾದ್ರೆ ಈ ಹುಡುಗೀನ."

ಮಗಳಿಗೆ ನೆನಪಿತ್ತು. ಅಪ್ಪ ತಂದ ಫೋಟೋಗಳ ಮೇಲೆ ಕೆಂಪು ಸುತ್ತು, ಪಕ್ಕದಲ್ಲಿ ಎರಡೇ ಪದ: "ತಿದ್ದಿ ತಾ." ಅಪ್ಪ ಗೊಣಗಿಕೊಂಡು ಏಣಿ ಹೊತ್ತು ಮತ್ತೆ ಹೊರಡುತ್ತಿದ್ದ.

"ಮೇಸ್ತ್ರಿ ಮೇಲೆ ನನಗೆ ಸಿಟ್ಟಿಲ್ಲ," ಯಜಮಾನರು ದನಿ ತಗ್ಗಿಸಿದರು. "ಡಿಶ್ ಕೆಲಸ ನಿಂತುಹೋಯ್ತು ಅಂತ ಅವನಿಗೆ ಹೊಟ್ಟೆಯುರಿ ಇರಬಹುದು. ಕೀ ತನ್ನ ಅಜಾಗರೂಕತೆಯಿಂದ ಬೇರೆಯವರ ಕೈಗೆ ಸಿಕ್ಕಿತು ಅಂತ ಒಂದು ಕಾಗದಕ್ಕೆ ಅವನು ಸಹಿ ಹಾಕಿದ್ರೆ ನಾನು ಪೊಲೀಸರ ಹತ್ರ ಹೋಗಲ್ಲ. ಸಂಜೆ ಐದರವರೆಗೂ ಟೈಮ್ ಕೊಟ್ಟಿದ್ದೀನಿ."

ಮಗಳು ಕೀ ತೆಗೆದುಕೊಂಡು ಹೊರಗೆ ಬಂದಳು. ಏಣಿ ಮೇಸ್ತ್ರಿ ಉಗ್ರಾಣದ ಬೆಂಚಿನ ಮೇಲೆ ಕೂತಿದ್ದ. ಮುಂದೆ ಕಾಗದ, ಮೇಲೆ ಪೆನ್ನು.

"ಸಹಿ ಹಾಕಿಬಿಡ್ತೀನಿ ಬಿಡು," ಎಂದ.

"ಅಪ್ಪ, ನೀನು ಕದ್ದಿದ್ಯಾ?"

"ನಿನಗೇನು ತಲೆ ಕೆಟ್ಟಿದ್ಯಾ?"

"ಮತ್ತೆ?"

"ಆರು ತಿಂಗಳು ಸಿಕ್ಕಿದ್ರೆ ಕಂಪನಿ ಉಳಿಯತ್ತೆ ಕಣೇ. ಅವನಿಗೆ ಕಷ್ಟಕಾಲ. ನಾನೊಬ್ಬ ಕೆಟ್ಟವನು ಅನ್ನಿಸಿಕೊಂಡ್ರೆ ಏನು ಹೋಯ್ತು?"

"ಕಾಗದ ಅವರ ಕೈಗೆ ಬಂದಮೇಲೆ ಪೊಲೀಸಿಗೆ ಕೊಟ್ರೆ?"

"ಅವನು ಹಾಗೆ ಮಾಡಲ್ಲ," ಎಂದ ಅಪ್ಪ. ಅವನ ಮುಖದಲ್ಲಿ ಸಂಶಯದ ಒಂದು ಗೆರೆಯೂ ಇರಲಿಲ್ಲ. 

"ನಾನು ಬರೋವರೆಗೂ ಪೆನ್ನು ಮುಟ್ಟಬೇಡ," ಎಂದು ಹೇಳಿ ಓಡಿದಳು.

ಕಾರಿನಲ್ಲಿ ವಿಮೆಯವರು ಫೋಟೋಗಳ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟಕ್, ಟಕ್.

"ನಾನು ಮೇಸ್ತ್ರಿ ಮಗಳು ಅಂತ ಗೊತ್ತಾ ನಿಮಗೆ?"

"ಗೊತ್ತು. ಅದಕ್ಕೇ ಈ ಲಕೋಟೆ ನಿಮ್ಮ ಕೈಗೆ ಕೊಡಲ್ಲ. ಆರೋಪಿ ಮಗಳು ಮುಟ್ಟಿದ ಕಾಗದ ನಾಳೆ ಯಾರೂ ನಂಬಲ್ಲ. ಗಾಡಿ ಓಡಿಸಿ."

ಇಪ್ಪತ್ತನೇ ಟವರ್ ಇದ್ದದ್ದು ಊರಾಚೆಯ ಕಾರ್ಮಿಕರ ವಸತಿಯಲ್ಲಿ. ಒಂದೇ ಅಚ್ಚಿನಲ್ಲಿ ಒತ್ತಿ ಇಟ್ಟಂಥ ಮನೆಸಾಲುಗಳು – ಅದೇ ಹಳದಿ ಗೋಡೆ, ಅದೇ ನೀರಿನ ಟ್ಯಾಂಕು, ಅದೇ ಬಟ್ಟೆ ಒಣಹಾಕುವ ತಂತಿ. ಮೂರನೇ ತಿರುವಿನಲ್ಲಿ ದಾರಿ ತಪ್ಪಿತು. ವಿಮೆಯವರು ಫೋನು ತೆಗೆದು ನಕ್ಷೆ ನೋಡಲು ಹೋದರು. ಸಿಗ್ನಲ್ ಇರಲಿಲ್ಲ.

"ಟವರ್ ಇದ್ದಿದ್ರೆ ಸಿಗ್ನಲ್ ಇರ್ತಿತ್ತು," ಎಂದು ನಕ್ಕರು.

ಮಗಳು ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು. "ಆ ಕಡೆ ದಕ್ಷಿಣ. ಹಾಗಾದ್ರೆ ನಾವು ಎಡಕ್ಕೆ ಹೋಗಬೇಕು."

"ಹೇಗೆ ಗೊತ್ತಾಯ್ತು?"

"ಡಿಶ್ ನೋಡಿದೆ. ಉಪಗ್ರಹ ಇರೋದು ದಕ್ಷಿಣದಲ್ಲಿ. ಈ ಊರಲ್ಲಿ ಎಷ್ಟು ಡಿಶ್ ಇವೆಯೋ ಅಷ್ಟೂ ಅತ್ತಲೇ ನೋಡ್ತಿರ್ತವೆ. ಬೇರೆ ಕಡೆ ತಿರುಗಿಸಿದ್ರೆ ಪರದೆ ಮೇಲೆ ಬರೀ ಚುಕ್ಕಿ. ದಾರಿ ತಪ್ಪಿದ್ರೆ ಮೇಲೆ ನೋಡು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು."

ಟೇಪಿನ ಸದ್ದು ನಿಂತಿತು. ವಿಮೆಯವರು ತಾವೂ ತಲೆ ಹೊರಹಾಕಿ ಚಾವಣಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಲಕೋಟೆ ತೆರೆದು ಒಳಗೆ ಇಣುಕಿ, ಮತ್ತೆ ಮುಚ್ಚಿದರು. 

ಟವರಿನ ಗೇಟಿನಲ್ಲಿ ಕಂಬದ ಕಡೆ ಮುಖ ಮಾಡಿ ನಿಂತರೆ ಎದುರಿಗೆ ಪೂರ್ವ. ಕಂಬದ ಬಲಕ್ಕೆ ಮನೆಸಾಲು, ಎಡಕ್ಕೆ ಖಾಲಿ ಜಾಗ. ಒಬ್ಬ ಹೆಂಗಸು ಚಾವಣಿಯಲ್ಲಿ ಬಟ್ಟೆ ಹರವುತ್ತಿದ್ದಳು.

"ಅಕ್ಕಾ, ಈ ಕಂಬದ ಮೇಲೆ ಪೆಟ್ಟಿಗೆಗಳಿದ್ವಲ್ಲ, ಯಾವಾಗ ಹೋದವು?" ವಿಮೆಯವರು ಕೂಗಿ ಕೇಳಿದರು.

"ಕಂಬ ಬಂದು ಎರಡು ತಿಂಗಳಾಯ್ತು. ಮೇಲೆ ಏನಿತ್ತೋ ಏನಿಲ್ವೋ ಯಾರು ನೋಡ್ತಾರೆ? ನಮ್ಮ ಕೆಲಸವೇ ನಮಗೆ ಹಾಸಿ ಹೊದೆಯೋಷ್ಟಿದೆ."

ವಿಮೆಯವರು ಕಂಬದ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮೇಲೆ ನೋಡಿ, ಕಾಲು ಹಿಂತೆಗೆದರು. "ನನಗೆ ಎತ್ತರ ಅಂದ್ರೆ ಆಗಲ್ಲ."

ಮಗಳು ಚಪ್ಪಲಿ ಬಿಟ್ಟು ಸರಸರನೆ ಹತ್ತಿದಳು. ಬಾಲ್ಯವೆಲ್ಲ ಅಪ್ಪನ ಏಣಿಯ ಮೇಲೆ ಕಳೆದವಳಿಗೆ ಇದೇನು ಲೆಕ್ಕ? ಪೆಟ್ಟಿಗೆಗಳನ್ನು ಕಚ್ಚಿ ಹಿಡಿಯಬೇಕಿದ್ದ ಜಾಗದಲ್ಲಿ ಕಂಬಕ್ಕೆ ಕೈಯಾಡಿಸಿದಳು. ಸುತ್ತಲೂ ಆಡಿಸಿದಳು. ಬಣ್ಣ ಹೊಸ ಸ್ಟೀಲ್ ಡಬ್ಬಿಯ ಮೈಯಂತೆ ನುಣ್ಣಗಿತ್ತು.

"ಗೀರಿದೆಯಾ?" ಕೆಳಗಿನಿಂದ ಪ್ರಶ್ನೆ.

"ಇಲ್ಲ."

"ಬಣ್ಣ ಎದ್ದಿದೆಯಾ? ಬೋಲ್ಟು ತಿರುಗಿಸಿದ ಗುರುತು?"

"ಒಂದೂ ಇಲ್ಲ. ಇಲ್ಲಿ ಯಾವತ್ತೂ ಏನೂ ಕೂರಿಸೇ ಇಲ್ಲ."

ಹೇಳಿದ ಮೇಲೆ ಅವಳಿಗೇ ಆ ಮಾತಿನ ಅರ್ಥ ತಟ್ಟಿತು. ಇಲ್ಲದ್ದನ್ನು ಕದಿಯುವುದು ಹೇಗೆ? ದಡದಡನೆ ಇಳಿದು ಬಂದಳು.

"ಆದ್ರೆ ಫೋಟೋದಲ್ಲಿ ಮೂರು ಆಂಟೆನಾ, ಮೂರು ಪೆಟ್ಟಿಗೆ, ಬಲಕ್ಕೆ ಹಳದಿ ಮನೆಸಾಲು, ಎಲ್ಲ ಇದೆ," ಎಂದರು ವಿಮೆಯವರು. "ಇನ್ನೊಂದು ಹೇಳಿ. ಈ ಗೇಟಿನ ಕೀ ನಿಮ್ಮಪ್ಪನ ಹತ್ರ ಎಷ್ಟು ದಿನದಿಂದ ಇತ್ತು?"

"ಹಿಂದಿನ ದಿನ ಸಂಜೆಯಷ್ಟೇ ಕೊಟ್ರಂತೆ. ಬೆಳಿಗ್ಗೆ ತಪಾಸಣೆಯವರಿಗೆ ಗೇಟು ತೆಗೆದುಕೊಡು ಅಂತ."

"ಕೊಟ್ಟಿದ್ದು ಯಾರು?"

"ಕೇಳಲಿಲ್ಲ."

"ನಾನು ಕೇಳ್ತೀನಿ. ಆರನೇ ಟವರ್ ಇಲ್ಲಿಂದ ಎಷ್ಟು ದೂರ?"

ಆರನೇ ಟವರೂ ಅಂಥದೇ ಇನ್ನೊಂದು ವಸತಿಯಲ್ಲಿತ್ತು. ಅದೇ ಹಳದಿ ಗೋಡೆ. ಗೇಟಿಗೆ ಎದುರು ಅಲ್ಲಿಯೂ ಪೂರ್ವ. ಮನೆಸಾಲು ಮಾತ್ರ ಕಂಬದ ಎಡಕ್ಕೆ. ವಿಮೆಯವರು ಕಾರಿನಿಂದ ಇಳಿಯಲೂ ಇಲ್ಲ. ಹತ್ತು ಸಲ ಟೇಪು ಎಳೆದು ಬಿಟ್ಟು, "ಆಫೀಸಿಗೆ ನಡೀರಿ" ಎಂದರು.

ನಾಲ್ಕೂವರೆಗೆ ಎಲ್ಲರೂ ಯಜಮಾನರ ಕೋಣೆಯಲ್ಲಿ ಸೇರಿದರು. ಮೇಜಿನ ಹಿಂದೆ ಯಜಮಾನರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಅವರು ಕೂರಿಸಿದ ಮೊಟ್ಟಮೊದಲ ಡಿಶ್, ಸೊಟ್ಟಗಾಗಿ ನೇತಾಡುತ್ತಿತ್ತು. ಬದಿಯ ಕುರ್ಚಿಯಲ್ಲಿ ಟವರ್ ಎಂಜಿನಿಯರ್. ಈ ಮನುಷ್ಯನನ್ನು ಬೇರೊಂದು ಮೊಬೈಲ್ ಕಂಪನಿಯಿಂದ ಹೆಚ್ಚು ಸಂಬಳ ಕೊಟ್ಟು ಕರೆತಂದಿದ್ದರು. ಇಸ್ತ್ರಿ ಮುರಿಯದ ಅಂಗಿ. ಒಂದು ಮನೆಯ ಚಾವಣಿಯನ್ನೂ ಹತ್ತಿದವನಲ್ಲ.

"ಈ ಫೋಟೋ ತೆಗೆದವರು ನೀವಾ?" ವಿಮೆಯವರು ಅವನನ್ನು ಕೇಳಿದರು.

"ಹೌದು. ಇಪ್ಪತ್ತನೇ ಟವರ್. ಎರಡು ವಾರದ ಹಿಂದೆ."

"ಎಲ್ಲಿ ನಿಂತು?"

"ಗೇಟಲ್ಲೇ ನಿಂತು. ಎದುರಿಗೆ ಕಂಬ, ಬಲಕ್ಕೆ ಮನೆಸಾಲು. ಹೋಗಿ ನೋಡಿಬಂದ್ರಲ್ಲ, ಹಾಗೇ ಇದೆಯಲ್ಲ?"

"ಹಾಗೇ ಇದೆ. ಮೇಸ್ತ್ರಿಯವರನ್ನ ಕರೀತೀರಾ?"

ಏಣಿ ಮೇಸ್ತ್ರಿ ಸಹಿಯಿಲ್ಲದ ಕಾಗದ ಹಿಡಿದುಕೊಂಡೇ ಬಂದ. ವಿಮೆಯವರು ಫೋಟೋ ಅವನ ಕೈಗಿಟ್ಟರು. "ನೀವು ಗೇಟಲ್ಲಿ ನಿಂತಿದ್ದೀರಿ. ಎದುರಿಗೆ ಪೂರ್ವ. ಇದರಲ್ಲಿ ಏನಾದ್ರೂ ತಪ್ಪು ಕಾಣತ್ತಾ?"

ಮೇಸ್ತ್ರಿ ಕನ್ನಡಕ ಏರಿಸಿಕೊಂಡ. "ಕಂಬದ ಕೆಲಸ ನನಗೆ ಗೊತ್ತಿಲ್ಲ ಸ್ವಾಮಿ. ಆದ್ರೆ ಚಾವಣಿ ಮೇಲೆ ಈ ಮೂರು ಡಿಶ್ ಇವೆಯಲ್ಲ, ಇವನ್ನ ಯಾವ ಪುಣ್ಯಾತ್ಮ ಕೂರಿಸಿದ್ದು? ಮೂರೂ ಎಡಕ್ಕೆ, ಉತ್ತರಕ್ಕೆ ಮುಖ ಮಾಡಿವೆ. ಅಲ್ಲಿ ಏನಿದೆ ಅಂತ? ಈ ಮನೆಯವರು ಟೀವಿ ನೋಡಲ್ವಾ?"



ವಿಮೆಯವರು ಫೋಟೋ ಈಸಿಕೊಂಡು ಕಿಟಕಿಯ ಹತ್ತಿರ ಹೋದರು. ಫೋಟೋವನ್ನು ಹಿಂದುಮುಂದು ಮಾಡಿ ಗಾಜಿಗೆ ಒತ್ತಿ ಹಿಡಿದರು. ಸಂಜೆಯ ಬೆಳಕು ಕಾಗದವನ್ನು ತೂರಿ ಬಂತು. ಬಲಗಡೆಯ ಮನೆಸಾಲು ಈಗ ಎಡಕ್ಕೆ ಬಂದಿತ್ತು. ಡಿಶ್‌ಗಳು ಬಲಕ್ಕೆ, ದಕ್ಷಿಣಕ್ಕೆ, ತಮ್ಮ ಪಾಡಿಗೆ ತಾವು ನೋಡುತ್ತಿದ್ದವು. ಅವರು ಲಕೋಟೆಯಿಂದ ಇನ್ನೊಂದು ಫೋಟೋ ತೆಗೆದು ಪಕ್ಕದಲ್ಲಿ ಹಿಡಿದರು.

"ಇದು ಆರನೇ ಟವರ್. ಅದೇ ತಂತಿ, ತಂತಿ ಮೇಲೆ ಅದೇ ಪಟ್ಟೆ ಚಾದರ, ಟ್ಯಾಂಕಿನ ಮೇಲೆ ಅದೇ ಇಟ್ಟಿಗೆ. ಇಪ್ಪತ್ತರಲ್ಲಿ ಮನೆಗಳು ಬಲಕ್ಕಿರೋದ್ರಿಂದ ಆರರ ಫೋಟೋನ ಮಗುಚಿ ಹಾಕಿದ್ರು. ಬುದ್ಧಿವಂತ ಕೆಲಸ. ಆದ್ರೆ ಮನೆ ಜೊತೆಗೆ ಡಿಶ್ಶೂ ಮಗುಚಿಕೊಳ್ಳತ್ತೆ ಅನ್ನೋದು ಹೊಳೀಲಿಲ್ಲ. ಮೊಬೈಲ್ ಕಂಪನಿಯವರಿಗೆ ಹೊಳೆಯೋದೂ ಇಲ್ಲ. ಅವರ ಆಂಟೆನಾ ನಾಲ್ಕೂ ದಿಕ್ಕಿಗೆ ನೋಡ್ತವೆ. ಕಂಬದ ಮೇಲೆ ಒಂದು ಗೀರೂ ಇಲ್ಲ. ಅಲ್ಲಿಂದ ಏನೂ ಕಳುವಾಗಿಲ್ಲ. ಅಲ್ಲಿ ಏನೂ ಇರಲೇ ಇಲ್ಲ."

ಎಂಜಿನಿಯರ್ ಮುಖ ಬಿಳಿಚಿಕೊಂಡಿತು. "ಪೆಟ್ಟಿಗೆ ಬರಲೇ ಇಲ್ಲ," ಎಂದ. "ಮಾರೋರು ಮುಂಗಡ ಕೊಡದೆ ಕಳಿಸಲ್ಲ ಅಂದ್ರು. ಇಲ್ಲಿ ದುಡ್ಡಿರಲಿಲ್ಲ. ನಾನು ಫೋಟೋ ಮಾತ್ರ..." ಅವನು ತಲೆಯೆತ್ತಿ ಯಜಮಾನರನ್ನು ನೋಡಿ, ಮಾತು ನುಂಗಿಕೊಂಡ.

ಯಜಮಾನರು ಮೇಜು ಕುಟ್ಟಿ ಎದ್ದರು. "ಉಂಡ ಮನೆಗೆ ಎರಡು ಬಗೆದ್ಯಲ್ಲಯ್ಯ. ನಾಳೆಯಿಂದ ಈ ಕಡೆ ತಲೆ ಹಾಕಬೇಡ." ಮೇಸ್ತ್ರಿಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ಮೇಸ್ತ್ರಿ, ತಪ್ಪಾಯ್ತು. ಆ ಕಾಗದ ಹರಿದುಹಾಕು. ಮನೆಗೆ ಹೋಗಿ ಮಲಕ್ಕೋ."

ಮಗಳಿಗೆ ಉಸಿರು ಬಂದಂತಾಯಿತು. ಅಪ್ಪನ ತೋಳು ಹಿಡಿದಳು. ಬಾಗಿಲವರೆಗೂ ಹೋದಳು.

ಟಕ್.

"ಇನ್ನೊಂದು ಪ್ರಶ್ನೆ ಉಳೀತು," ಎಂದರು ವಿಮೆಯವರು. "ಮೇಸ್ತ್ರಿಯವರೇ, ಗೇಟಿನ ಕೀ ನಿಮಗೆ ಕೊಟ್ಟಿದ್ದು ಯಾರು?"

ಮೇಸ್ತ್ರಿ ಕೈಯಲ್ಲಿದ್ದ ಕಾಗದದ ಕಡೆ ಕಣ್ಣು ಹಾಕಿದ.

"ಅಪ್ಪ, ಹೇಳು."

"ಇವರೇ ಕೊಟ್ರು," ಎಂದ ಮೇಸ್ತ್ರಿ, ಯಜಮಾನರ ಕಡೆ ಕೈ ತೋರದೆ. "ಮೊನ್ನೆ ಸಂಜೆ ಕರೆದು, ನಿನ್ನ ಹತ್ರ ಇರಲಿ ಅಂದ್ರು. ಎಷ್ಟೋ ದಿನದ ಮೇಲೆ ಹೆಗಲ ಮೇಲೆ ಕೈ ಹಾಕಿದ್ರು."

"ಒಂದು ರಾತ್ರಿ ಇಟ್ಟುಕೊಳ್ಳೋಕೆ ಕೊಟ್ಟ ಕೀ," ಎಂದರು ವಿಮೆಯವರು. "ಬೆಳಿಗ್ಗೆ ಅದು ಯಾರದೋ ಜೇಬಲ್ಲಿ ಸಿಗಬೇಕಾಗಿತ್ತು." ಅವರು ಮಗುಚಿದ ಫೋಟೋದ ಬೆನ್ನನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರು. ಯಜಮಾನರ ಸಹಿ ಅಲ್ಲಿತ್ತು. "ಮೇಸ್ತ್ರಿಗೆ ಈ ತಪ್ಪು ಕಾಣೋಕೆ ಎಷ್ಟು ಹೊತ್ತು ಬೇಕಾಯ್ತು? ಕನ್ನಡಕ ಏರಿಸೋಷ್ಟು. ನಾಲ್ಕು ಸಾವಿರ ಚಾವಣಿ ಹತ್ತಿದವರು ನೀವು. ಎರಡು ಬೆರಳು ಆಚೀಚೆ ಇದ್ರೂ ಸುತ್ತು ಹಾಕೋರು ಅಂತ ನೀವೇ ಹೇಳಿದ್ರಿ. ಇಲ್ಲಿ ಮೂರು ಡಿಶ್ ಪೂರ್ತಿ ತಿರುಗಿ ನಿಂತಿವೆ. ಸಹಿ ಇದೆ. ಸುತ್ತು ಎಲ್ಲಿ?"

ವಿಮೆಯವರು ಎಂಜಿನಿಯರ್ ಕಡೆ ಕೈ ತೋರಿದರು.

"ಎಂಜಿನಿಯರಿಗೆ ಕಾಣಲಿಲ್ಲ, ಅವರು ಮಗುಚಿದ್ರು. ನಿಮಗೆ ಕಾಣದೆ ಇರೋಕೆ ಸಾಧ್ಯವಿಲ್ಲ. ನಿಮಗೆ ಫೋಟೋ ಬೇಕಾಗಿತ್ತು, ಒಂದು ಕಳ್ಳತನ ಬೇಕಾಗಿತ್ತು, ಕಳ್ಳನೊಬ್ಬ ಬೇಕಾಗಿತ್ತು. ಮೂರನ್ನೂ ಹೊಂದಿಸಿದವರು ನೀವು."

ಯಜಮಾನರು ಕುರ್ಚಿಗೆ ಕುಸಿದರು. "ಆರು ತಿಂಗಳು ಸಿಕ್ಕಿದ್ರೆ ಸಾಕಿತ್ತು," ಎಂದರು. "ಇನ್ನೂರು ಮನೆ ಒಲೆ ಉರೀತಿತ್ತು. ನನ್ನೊಬ್ಬನಿಗೋಸ್ಕರ ಮಾಡಿದ್ದಲ್ಲ."

ಮಗಳು ಬಾಗಿಲಿನಿಂದ ವಾಪಸ್ ಬಂದಳು. ಎಷ್ಟೋ ವರ್ಷದಿಂದ ಆಡದ ಮಾತು ಬಾಯಿಗೆ ತಾನಾಗಿ ಬಂತು.

"ಚಿಕ್ಕಪ್ಪ, ಇನ್ನೂರು ಜನ ಇದ್ರಲ್ಲ. ನಮ್ಮಪ್ಪನೇ ಯಾಕೆ?"

ಯಜಮಾನರು ಅವಳ ಮುಖ ನೋಡಲಿಲ್ಲ. "ಬೇರೆ ಯಾರೂ ಒಪ್ತಿರಲಿಲ್ಲ," ಎಂದರು. "ಅವನೊಬ್ಬ ನನಗೆ ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು."

ಏಣಿ ಮೇಸ್ತ್ರಿ ಮೆಲ್ಲನೆ ಮೇಜಿನ ಹತ್ತಿರ ಬಂದ. ಕೈಯಲ್ಲಿದ್ದ ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ವಿಮೆಯವರಿಗೆ ಕೊಟ್ಟ. "ಇದೂ ನಿಮ್ಮ ಹತ್ರ ಇರಲಿ. ಸಹಿ ಹಾಕಿಲ್ಲ," ಎಂದ.

ಆಮೇಲೆ ಫೋಟೋ ತಿರುಗಿಸಿದ. ಯಜಮಾನರ ಮೇಜಿನ ಮೇಲಿನ ಲೋಟದಲ್ಲಿ ಕೆಂಪು ಪೆನ್ಸಿಲ್ ಇತ್ತು. ಅದನ್ನು ತೆಗೆದುಕೊಂಡು ಬಗ್ಗಿ, ಚಾವಣಿಯ ಮೇಲಿನ ಮೂರು ಡಿಶ್‌ಗಳಿಗೂ ಒಂದೊಂದಾಗಿ ಸುತ್ತು ಹಾಕಿದ.  ಪಕ್ಕದಲ್ಲಿ ಎರಡು ಪದ ಬರೆದು, ಫೋಟೋವನ್ನು ಗೆಳೆಯನ ಮುಂದಕ್ಕೆ ತಳ್ಳಿದ.

"ತಿದ್ದಿ ತಾ."

ಪೆನ್ಸಿಲನ್ನು ಲೋಟದಲ್ಲಿ ವಾಪಸ್ ಇಟ್ಟು, ಮಗಳ ಕೈ ಹಿಡಿದು ಮೆಟ್ಟಿಲಿಳಿದ. ಕೆಳಗೆ ಬಂದಾಗ ದೂರು ವಿಭಾಗದ ಫೋನು ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆಯಿಂದ ಯಾರೂ ಎತ್ತಿರಲಿಲ್ಲವಂತೆ. ಮಗಳು ನಿಂತು ಎತ್ತಿದಳು. ನಿನ್ನೆಯ ಅಜ್ಜನೇ.

"ಸಂಜೆಯೊಳಗೆ ಸರಿಹೋಗತ್ತೆ ಅಂದಿದ್ದೆ ನೀನು. ನಿನ್ನೆ ಸಂಜೆ ಹೋಗಿ ಇವತ್ತಿನ ಸಂಜೆ ಬಂತು," ಎಂದ ಅಜ್ಜ.

ಏಣಿ ಮೇಸ್ತ್ರಿ ಫೋನಿನ ಕಡೆ ಬಗ್ಗಿ ಕೇಳಿಸಿಕೊಂಡು, "ವಿಳಾಸ ಬರಕೋ," ಎಂದ. ಉಗ್ರಾಣಕ್ಕೆ ಹೋಗಿ ಏಣಿ ಹೆಗಲಿಗೇರಿಸಿದ.